ಪುರುಷೋತ್ತಮಣ್ಣನಿಗೆ ಊಟ ಬೇಡ

ಯಾರದಾದರೂ ಮನೆಗೆ ಹೋದಾಗ ತಿಂಡಿ ಕೊಟ್ಟರೆ ಮೂರು ಸಲ ಬೇಡ ಅನ್ನುವುದು ನಮ್ಮವರ ಮರ್ಯಾದೆ. ನಾಲ್ಕನೆಯ ಸಲಕ್ಕೆ "ನೀವು ಇಷ್ಟು ಹೇಳ್ತೀರಿ ಅಂತ" ಎಂದು ತಟ್ಟೆ ಹಿಡಿಯಬೇಕು. ಪುರುಷೋತ್ತಮಣ್ಣ ಏಳನೆಯ ಸಲಕ್ಕೂ ಬೇಡ ಅನ್ನುವ ಆಸಾಮಿ. ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ನಮ್ಮ ಮನೆಗೆ ಒಂಬತ್ತು ವರ್ಷದಿಂದ ಬರುತ್ತಿದ್ದಾರೆ. ನನ್ನ ಹೆಂಡತಿ ಅನಸೂಯಾ ಮಾಡಿದ ಒಂದು ಚಕ್ಕುಲಿ ಮುರಿದದ್ದನ್ನು ನಾನು ಕಂಡಿಲ್ಲ. "ಹೊಟ್ಟೆ ತುಂಬ ಉಂಟು ಮಾರಾಯ್ರೆ" ಎನ್ನುತ್ತಾರೆ. ಆ ಹೊಟ್ಟೆಯನ್ನು ಯಾರು, ಯಾವಾಗ ತುಂಬಿಸಿದರೋ ದೇವರಿಗೇ ಗೊತ್ತು.

ಅವರು ಉಡುಪಿ ಪಕ್ಕದ ಕಟಪಾಡಿಯವರು. ಮುಂಬಯಿಯ ಹೋಟೆಲುಗಳಲ್ಲಿ ಹತ್ತು ವರ್ಷ, ಮಲೇಷ್ಯಾದ ಸರವಾಕ್ ಎಂಬ ರಾಜ್ಯದ ಕಾಡಿನಲ್ಲಿ ಮರ ಕಡಿಯುವವರ ಕ್ಯಾಂಪಿನಲ್ಲಿ ಏಳು ವರ್ಷ, ಆಮೇಲೆ ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಒಂದು ಆಸ್ಪತ್ರೆಯ ಅಡಿಗೆಮನೆಯಲ್ಲಿ ಇಪ್ಪತ್ತೆರಡು ವರ್ಷ. ಎಲ್ಲಿಗೆ ಹೋದರೂ ಸೌಟು ಮಾತ್ರ ಕೈಬಿಡಲಿಲ್ಲ. ಈಗ ಅರವತ್ತಾರು. ರಿಟೈರ್ ಆದ ಮೇಲೆ ನಮ್ಮ ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವದ ಅಡಿಗೆ ಅವರದೇ. ನಾನೂರು ಜನಕ್ಕೆ ಬಡಿಸಿ, ಕೊನೆಯ ಮನುಷ್ಯ ಕೈ ತೊಳೆದ ಮೇಲೆ, ಸಿಂಕ್ ಪಕ್ಕ ನಿಂತು ಸೌಟಿನಿಂದ ಅಂಗೈಗೆ ಒಂದಿಷ್ಟು ಸಾರು ಹಾಕಿಕೊಂಡು ಚಪ್ಪರಿಸುತ್ತಾರೆ. ಅಲ್ಲಿಗೆ ಅವರ ಊಟ ಮುಗಿಯಿತು. ಅವರು ಕುರ್ಚಿಯಲ್ಲಿ ಕೂತು ಉಂಡದ್ದನ್ನು ನೋಡಿದವರು ಯಾರಾದರೂ ಇದ್ದರೆ ಕೈ ಎತ್ತಲಿ ಎಂದು ನಾನೇ ಒಮ್ಮೆ ಸಂಘದ ಮೀಟಿಂಗಿನಲ್ಲಿ ಕೇಳಿದ್ದೆ. ಒಂದು ಕೈಯೂ ಏಳಲಿಲ್ಲ.

ಎರಡು ವರ್ಷದ ಹಿಂದೆ ಈ "ಬೇಡ" ಮಗಳ ಮನೆಯಲ್ಲೇ ರಾದ್ಧಾಂತ ಮಾಡಿತು. ಒಬ್ಬಳೇ ಮಗಳು ಭವ್ಯಶ್ರೀ, ಗಂಡ ಧನರಾಜ್ ಜೊತೆ ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆಂದು ಇವರು ಎರಡು ಐಸ್ ಪೆಟ್ಟಿಗೆ ತುಂಬ ರುಬ್ಬಿದ ಮಸಾಲೆ, ಐದು ಸೌಟು, ತಮ್ಮದೇ ಕೊಪ್ಪರಿಗೆ ಹೇರಿಕೊಂಡು ಒಂಬತ್ತು ಗಂಟೆ ಕಾರು ಓಡಿಸಿಕೊಂಡು ಹೋದರು. ಹೋಗಿ ನೋಡಿದರೆ ಗ್ಯಾರೇಜಿನಲ್ಲಿ ಕೇಟರಿಂಗ್‌ನವರು ಒಲೆ ಹಚ್ಚಿ ಆಗಿತ್ತು. ಪುರುಷೋತ್ತಮಣ್ಣನಿಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಎಲೆ ಹಾಕಿ ಕರೆದಾಗ "ನಂಗೆ ಹಸಿವಿಲ್ಲ" ಎಂದು ಎದ್ದು, ಕೊಪ್ಪರಿಗೆಯನ್ನು ಮತ್ತೆ ಡಿಕ್ಕಿಗೆ ತುಂಬಿ, ಬಂದ ದಾರಿಯಲ್ಲೇ ಸಿಡ್ನಿಗೆ ವಾಪಸಾದರು. ಅಂದಿನಿಂದ ಅಪ್ಪ ಮಗಳ ಮಾತು ಬಂದ್. ಹೆಂಡತಿ ಕುಸುಮಕ್ಕ ನಡುವೆ ಸುದ್ದಿ ಸಾಗಿಸಿ ಸಾಗಿಸಿ ಸೋತುಹೋಗಿದ್ದರು.

ಈಗ ಭವ್ಯಶ್ರೀಗೆ ಏಳು ತಿಂಗಳು. ಭಾನುವಾರ ಮಧ್ಯಾಹ್ನ ಸೀಮಂತ. ಕುಸುಮಕ್ಕ ವಾರದ ಮುಂಚೆಯೇ ವಿಮಾನ ಹತ್ತಿದ್ದರು. "ಅಪ್ಪ ಬರುವುದಾದ್ರೆ ಬರ್ಲಿ, ನಾನು ಯಾರಿಗೂ ಬೇಡ ಅನ್ನುವುದಿಲ್ಲ" ಎಂದಿದ್ದಳಂತೆ ಮಗಳು. ಇದು ಕರೆಯೋ ಚುಚ್ಚುಮಾತೋ ಎಂದು ಪುರುಷೋತ್ತಮಣ್ಣ ನಾಲ್ಕು ದಿನ ತಲೆ ಕೆಡಿಸಿಕೊಂಡರು. ಹೋಗುವ ಆಸೆ ಬೇಕಾದಷ್ಟಿತ್ತು. ಹೋದ ಮೇಲೆ ಅವಳು ಊಟಕ್ಕೇ ಕರೆಯದಿದ್ದರೆ ಎಂಬ ಹೆದರಿಕೆ ಆಸೆಗಿಂತ ದೊಡ್ಡದಿತ್ತು.

ಅದೇ ಹೊತ್ತಿಗೆ ಸರವಾಕ್‌ನಿಂದ ಲಾಯಾಂಗ್ ಬಂದಿಳಿದರು. ಕಾಡಿನ ಕ್ಯಾಂಪಿನಲ್ಲಿ ಗರಗಸ ಹಿಡಿಯುತ್ತಿದ್ದವರು. ಏಳು ವರ್ಷ ಪುರುಷೋತ್ತಮಣ್ಣನ ಕೈಯಡಿಗೆ ಉಂಡವರು. ಗಿಡ್ಡ ಆಳು, ಹೆಗಲವರೆಗೆ ಹಚ್ಚೆ, ಮುಖದ ತುಂಬ ನಗು. ಬಾಯಲ್ಲಿ ಮಲೇಷ್ಯಾದ ಇಂಗ್ಲಿಷು, ಪ್ರತಿ ಮಾತಿನ ಬಾಲಕ್ಕೆ ಒಂದು "ಲಾ". ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಲಾ ಮಾತ್ರ ಹಾಗೇ ಉಳಿಸಿದ್ದೇನೆ. ತುಳುವಿನಲ್ಲಿ ಅವರಿಗೆ ಬರುತ್ತಿದ್ದದ್ದು ಒಂದೇ ವಾಕ್ಯ: "ವನಸ್ ಆಂಡಾ?" ಊಟ ಆಯಿತೇ ಎಂದು. ಕ್ಯಾಂಪಿನಲ್ಲಿ ಪುರುಷೋತ್ತಮಣ್ಣ ಪ್ರತಿ ಸಂಜೆ ನಲವತ್ತು ಜನರನ್ನೂ ಹಾಗೆಯೇ ವಿಚಾರಿಸುತ್ತಿದ್ದರಂತೆ. ಲಾಯಾಂಗರ ಊರಿನಲ್ಲಿಯೂ ಎದುರಾದವರನ್ನು ಮೊದಲು ಕೇಳುವುದು ಅದನ್ನೇ, ಹಾಗಾಗಿ ಕಲಿಯಲು ಕಷ್ಟವಾಗಲಿಲ್ಲವಂತೆ.

ಗೃಹಪ್ರವೇಶದ ಕಥೆ ಕೇಳಿದ ಲಾಯಾಂಗ್ ಮುಖದ ನಗು ಆರಿಹೋಯಿತು.

"ಹೊಸ ಮನೆ. ಮಗಳು ಊಟ ಕೊಟ್ಟಳು. ನೀನು ಮುಟ್ಟಲೂ ಇಲ್ಲ. ಆಮೇಲೆ ದಾರಿ ಹಿಡಿದೆ?"

"ಹೌದು" ಎಂದರು ಪುರುಷೋತ್ತಮಣ್ಣ.

"ಪುರು, ಇದು ಕೆಂಪುನಾನ್ ಲಾ! ಎರಡು ವರ್ಷದಿಂದ ನೀನು ಹೇಗೆ ಬದುಕಿದ್ದೀಯ?"

ಕೆಂಪುನಾನ್ ಎಂದರೆ ಅವರ ಕಡೆಯ ನಂಬಿಕೆ. ಪ್ರಯಾಣ ಹೊರಟವನಿಗೆ ಯಾರಾದರೂ ತಿನ್ನಲು ಕುಡಿಯಲು ಕೊಟ್ಟರೆ ಬೇಡ ಎಂದು ಸುಮ್ಮನೆ ಹೋಗಬಾರದು. ತಿನ್ನಲು ಪುರುಸೊತ್ತಿಲ್ಲದಿದ್ದರೆ ಬೆರಳ ತುದಿಯಿಂದ ಮುಟ್ಟಿ ತುಟಿಗೆ ತಾಗಿಸಬೇಕು; ಕೊನೆಗೆ ಬಟ್ಟಲಿನ ಅಂಚನ್ನಾದರೂ ಮುಟ್ಟಬೇಕು. ಇಲ್ಲದಿದ್ದರೆ ದಾರಿಯಲ್ಲಿ ಗಂಡಾಂತರ ಕಾದಿರುತ್ತದೆ. ಲಾಯಾಂಗರ ಚಿಕ್ಕಪ್ಪ ಒಮ್ಮೆ ಪಕ್ಕದ ಮನೆಯವರ ಕಾಫಿ ಬೇಡ ಎಂದು ದೋಣಿ ಹತ್ತಿದ್ದರಂತೆ, ಮೊಸಳೆ ಬಂತಂತೆ.

"ತಿಂದುಬಿಡ್ತಾ?" ಎಂದು ನಾನು ಕೇಳಿದೆ.

"ಇಲ್ಲ, ದೋಣಿ ಮಗುಚಿತು ಅಷ್ಟೆ. ಆದರೆ ಮೊಸಳೆ ಅಲ್ಲೇ ದಡದಲ್ಲಿತ್ತು ಲಾ. ಎಲ್ಲವನ್ನೂ ನೋಡುತ್ತಿತ್ತು."

ಪುರುಷೋತ್ತಮಣ್ಣನ ಕಣ್ಣಿನ ಪೊರೆ, ಹಿತ್ತಲ ಬೇಲಿ ಬಿದ್ದದ್ದು, ಕುಸುಮಕ್ಕನ ಮಂಡಿನೋವು, ಎಲ್ಲವೂ ಆ ಒಂದು ಎಲೆ ಬಿಟ್ಟು ಎದ್ದದ್ದರ ಫಲ ಎಂದು ಲಾಯಾಂಗ್ ತೀರ್ಪು ಕೊಟ್ಟರು. ಪರಿಹಾರವೂ ಒಂದೇ. ಮಗಳ ಮನೆಗೆ ಹೋಗಬೇಕು, ಅವಳು ಕೊಟ್ಟದ್ದನ್ನು ತಿನ್ನಬೇಕು, ಕಡೇ ಪಕ್ಷ ಮುಟ್ಟಬೇಕು. ಅವಳಾಗಿಯೇ ಕರೆದು ಕೊಡಬೇಕು. ತಾನಾಗಿ ಹೋಗಿ ಮುಟ್ಟಿದರೆ ಲೆಕ್ಕಕ್ಕಿಲ್ಲ.

ಪುರುಷೋತ್ತಮಣ್ಣನಿಗೆ ಆಗ ತಾನೇ ಕಣ್ಣಿನ ಆಪರೇಷನ್ ಆಗಿ, ಡಾಕ್ಟರು ಡ್ರೈವಿಂಗ್ ಬೇಡ ಎಂದಿದ್ದರು. ಕೆಂಪುನಾನ್ ಹತ್ತಿದ ಮನುಷ್ಯನನ್ನು ಕೂರಿಸಿಕೊಂಡು ಸ್ಟಿಯರಿಂಗ್ ಹಿಡಿಯುವುದಿಲ್ಲ ಎಂದು ಲಾಯಾಂಗ್ ಕೈ ಮುಗಿದರು. ಉಳಿದವನು ನಾನು, ಬದರಿನಾಥ, ಮೈಸೂರಿನವನು, ಐಟಿ ಕೆಲಸ, ಸೋಮವಾರ ಮೆಲ್ಬರ್ನಿನಲ್ಲಿ ಮೀಟಿಂಗ್ ಇದ್ದವನು, ವಿಮಾನದಲ್ಲಿ ಆರಾಮಾಗಿ ಹೋಗಬೇಕಾಗಿದ್ದವನು. "ನಮ್ಮ ಲಾಯಾಂಗ್‌ಗೆ ದಾರಿ ಮೇಲೆ ಮಲೇಷ್ಯಾದ ಊಟ ತೋರಿಸ್ಲಿಕ್ಕೆ ಉಂಟು, ನೀವೂ ಬನ್ನಿ" ಎಂದರು ಪುರುಷೋತ್ತಮಣ್ಣ, ಮುಖ್ಯ ವಿಷಯ ಬಾಯಿಗೆ ಬಾರದೆ. ಮಲೇಷ್ಯಾದಿಂದ ಬಂದವನಿಗೆ ಆಸ್ಟ್ರೇಲಿಯಾದಲ್ಲಿ ಮಲೇಷ್ಯಾದ ಊಟ! ಮೈಸೂರಿನವನನ್ನು ಸಿಡ್ನಿಗೆ ಕರೆಸಿ ಮೈಸೂರು ಪಾಕ್ ತೋರಿಸಿದ ಹಾಗೆ. ನಾನು ಆಗಲ್ಲ ಎನ್ನುವಷ್ಟರಲ್ಲಿ ಅನಸೂಯಾ ಒಳಗಿನಿಂದ "ಇವ್ರು ಬರ್ತಾರೆ ಅಂಕಲ್, ಡೋಂಟ್ ವರಿ" ಎಂದುಬಿಟ್ಟಳು.

ಶನಿವಾರ ಬೆಳಿಗ್ಗೆ ಏಳೂವರೆಗೆ ಇಬ್ಬರೂ ನಮ್ಮ ಮನೆಗೆ ಬಂದರು. ಅವರ ಲಿವರ್‌ಪೂಲ್ ಇರುವುದೇ ಮೆಲ್ಬರ್ನ್ ದಾರಿಯಲ್ಲಿ. ಹೋಗುವಾಗ ಹತ್ತಿಸಿಕೊಳ್ಳುತ್ತೇನೆ ಎಂದಿದ್ದೆ. "ಬೇಡ ಬೇಡ, ನಿಮಗೆ ಯಾಕೆ ತೊಂದರೆ" ಎಂದು ಟ್ರೈನು, ಬಸ್ಸು ಹಿಡಿದು, ಚೀಲ ಹೊತ್ತು, ಉಲ್ಟಾ ದಿಕ್ಕಿನಲ್ಲಿ ಎರಡು ಗಂಟೆ ಪ್ರಯಾಣ ಮಾಡಿದ್ದರು. ಲಾಯಾಂಗ್ ಚೀಲಗಳನ್ನು ಡಿಕ್ಕಿಗಿಡಲು ಹೋದಾಗ ಅನಸೂಯಾ ಬಾಗಿಲಿಗೆ ಬಂದು ಬಿಸಿ ಉಪ್ಪಿಟ್ಟು ತಿಂದು ಹೋಗಿ ಎಂದಳು. ಪುರುಷೋತ್ತಮಣ್ಣ ವಾಡಿಕೆಯ ಏಳು ಬೇಡ ಒಪ್ಪಿಸಿ ಕಾರು ಹತ್ತಿದರು. ನಾನು ಅದನ್ನು ಗಮನಿಸಲೇ ಇಲ್ಲ. ಸೂರ್ಯ ಹುಟ್ಟಿದ್ದನ್ನು ಯಾರು ಗಮನಿಸುತ್ತಾರೆ?

ನೂರು ಕಿಲೋಮೀಟರ್ ದಾಟಿ ಮಿಟ್ಟಗಾಂಗ್ ಬೋರ್ಡು ಕಾಣಿಸಿತು. ಹಿಂದಿನ ಸೀಟಿನಿಂದ ಪುರುಷೋತ್ತಮಣ್ಣ ತಾವಾಗಿಯೇ ಬಾಯಿ ಬಿಟ್ಟರು, ಅದೂ ಇಂಗ್ಲಿಷಿನಲ್ಲಿ: "ಪಾಪ, ಅನಸೂಯಮ್ಮ ಉಪ್ಪಿಟ್ಟು ಮಾಡಿದ್ದರು. ಒಳ್ಳೆ ಪರಿಮಳ."

ಲಾಯಾಂಗ್ ತಿರುಗಿದರು. "ತಿಂದೆಯಾ?"

"ಇಲ್ಲಪ್ಪ, ಬೇಡ ಅಂದೆ."

"ಮುಟ್ಟಿದೆಯಾ?"

ಪುರುಷೋತ್ತಮಣ್ಣ ಕಿಟಕಿಯ ಕಡೆ ಮುಖ ತಿರುಗಿಸಿದರು. ಸರಿಯಾಗಿ ಆಗಲೇ ನನ್ನ ಕಾರಿನ ಟೈರ್ ಪ್ರೆಷರ್ ದೀಪ ಹತ್ತಿಕೊಳ್ಳಬೇಕೇ! ಅದು ತಿಂಗಳಿಗೆರಡು ಸಲ ಸುಮ್ಮಸುಮ್ಮನೆ ಹತ್ತುವ ದೀಪ. ಸೆನ್ಸರ್ ಕೆಟ್ಟಿದೆ, ಸರ್ವಿಸ್‌ನಲ್ಲಿ ಹೇಳಿದ್ದೇನೆ, ಎಂದೆಲ್ಲ ವಿವರಿಸಿದೆ. ಲಾಯಾಂಗ್ ಸೀಟ್ ಬೆಲ್ಟ್ ಬಿಚ್ಚಿ, "ನನ್ನನ್ನು ಇಲ್ಲೇ ಇಳಿಸಿ ಲಾ, ನನಗೆ ಮೊಮ್ಮಕ್ಕಳಿದ್ದಾರೆ" ಎಂದರು. ಹಿಂದೆ ನೋಡಿದರೆ ಪುರುಷೋತ್ತಮಣ್ಣನೂ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದರು. "ನಂಗೆ ನಂಬಿಕೆ ಇಲ್ಲ ಮಾರಾಯ್ರೆ. ಆದ್ರೂ ನಾಳೆ ಮಗಳ ಮನೆಗೆ ಹೋಗುವವ ಇನ್ನೊಂದನ್ನು ಕಟ್ಟಿಕೊಂಡು ಹೋಗುವುದು ಸಮ ಅಲ್ಲ" ಎಂದರು.

ಒಂದು ತಟ್ಟೆ ಉಪ್ಪಿಟ್ಟಿಗೆ ನೂರು ಕಿಲೋಮೀಟರ್ ಹಿಂದಕ್ಕೆ. ಹದಿನೆಂಟು ವರ್ಷದ ನನ್ನ ಡ್ರೈವಿಂಗ್ ಜೀವನದಲ್ಲಿ ಇಂಥ ಯು-ಟರ್ನ್ ಮಾಡಿರಲಿಲ್ಲ. ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ಓಡಿಸಿದೆ.

ಬಾಗಿಲು ತೆಗೆದ ಮಗ ಆರವ್ ನಮ್ಮನ್ನು ನೋಡಿ "ಡ್ಯಾಡ್, ಸೀರಿಯಸ್ಲಿ?" ಎಂದ. ಒಳಗೆ ಉಪ್ಪಿಟ್ಟು ಖಾಲಿ. ಬಾಣಲೆ ಸಿಂಕಿನಲ್ಲಿ ನೀರು ತುಂಬಿಕೊಂಡು ನೆನೆಯುತ್ತಿತ್ತು. ಪುರುಷೋತ್ತಮಣ್ಣ ಸೀದಾ ಹೋಗಿ ಆ ನೀರಿಗೆ ಬೆರಳದ್ದಿ, ತಳಕ್ಕೆ ಹತ್ತಿದ ರವೆಯನ್ನು ಕೆರೆದು ತುಟಿಗೆ ತಾಗಿಸಿಕೊಂಡರು.

"ಅಯ್ಯಯ್ಯೋ ಅಂಕಲ್, ಅದಕ್ಕೆ ಲಿಕ್ವಿಡ್ ಸೋಪ್ ಹಾಕಿದ್ದೀನಿ! ಇರಿ, ಬಿಸಿಯಾಗಿ ಮಾಡ್ಕೊಡ್ತೀನಿ. ಕಾಫಿ ಕುಡೀತೀರಾ? ಕೋಡುಬಳೆ ಇದೆ. ಮೊಸರನ್ನ ಕಲಸ್ಲಾ?"

ಪುರುಷೋತ್ತಮಣ್ಣ ಇಂಗ್ಲಿಷಿನಲ್ಲಿ ತಿಳಿಸಿದ್ದೇ ತಡ, ಲಾಯಾಂಗ್ ಕಣ್ಣು ದೊಡ್ಡದಾಯಿತು. ಒಂದಿದ್ದ ಬಾಕಿ ಐದಾಗಿತ್ತು.

"ಇನ್ನೇನೂ ಆಫರ್ ಮಾಡ್ಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ" ಎಂದೆ ನಾನು.

"ಏನ್ರೀ ಹಾಗಂದ್ರೆ? ಮನೆಗೆ ಬಂದೋರನ್ನ ಹಾಗೇ ಕಳಿಸಕ್ಕಾಗತ್ತಾ? ಒಂದೊಂದು ಬಾಳೆಹಣ್ಣಾದ್ರೂ—"

ಆರು. ಪುರುಷೋತ್ತಮಣ್ಣ ಬಾಳೆಹಣ್ಣು, ಕೋಡುಬಳೆ ಡಬ್ಬಿ, ಕಾಫಿ ಫಿಲ್ಟರ್, ಮೊಸರಿನ ಪಾತ್ರೆ, ರವೆಯ ಪ್ಯಾಕೆಟ್ಟು, ಒಂದೊಂದನ್ನೂ ಪೂಜೆಯಂತೆ ಮುಟ್ಟಿದರು. ಹೊರಟಾಗ ಮಧ್ಯಾಹ್ನ ಹನ್ನೆರಡು.

ಸಂಜೆ ಐದಕ್ಕೆ ಗಂಡಗೈ ಸಮೀಪದ ಒಂದು ಪುಟ್ಟ ಊರಿನಲ್ಲಿ ನಿಲ್ಲಿಸಿದೆವು. ಒಂದು ಪಬ್, ಒಂದು ಪೆಟ್ರೋಲ್ ಬಂಕ್, ಬಣ್ಣ ಮಾಸಿದ "ಚೈನೀಸ್ ಮತ್ತು ಮಲೇಷ್ಯನ್" ಬೋರ್ಡಿನ ಒಂದು ಹೋಟೆಲು. ಮಲೇಷ್ಯಾದ ಇಪೋ ಎಂಬ ಊರಿನಿಂದ ಬಂದು ಮೂವತ್ತು ವರ್ಷದಿಂದ ಅದನ್ನು ನಡೆಸುತ್ತಿರುವ ಎಪ್ಪತ್ತರ ಚೀನೀ ಆಂಟಿ. ಊರವರಿಗೆ ಅವರು ಹಾಕುವುದು ಫ್ರೈಡ್ ರೈಸ್ ಮತ್ತು ಸಿಹಿ ಚಿಕನ್. ಲಾಯಾಂಗ್ ಮಲಯ್ ಭಾಷೆಯಲ್ಲಿ ಒಂದು ಮಾತಾಡಿದ್ದೇ ತಡ, ಆಂಟಿ ಮೆನು ಕಾರ್ಡನ್ನು ನಮ್ಮ ಕೈಯಿಂದ ಕಿತ್ತುಕೊಂಡರು. "ಇದು ಬಿಳಿಯರಿಗೆ. ನಿಮಗೆ ನನ್ನ ಮನೆಯದು" ಎಂದು ಒಳಗೆ ಹೋದರು.

ಒಳಗಿನಿಂದ ಲಕ್ಸಾದ ಘಮ ಬಂತು. ತೆಂಗಿನ ಹಾಲು, ಸಿಗಡಿ, ಒಣಮೆಣಸು ಹಾಕಿ ಕುದಿಸಿದ ಸಾರಿಗೆ ಶಾವಿಗೆ ಬಿಟ್ಟು ಕೊಡುತ್ತಾರೆ. ಸಸ್ಯಾಹಾರಿಯಾದ ನಾನು ಮೂಗು ಮುಚ್ಚಿಕೊಂಡೆ. ಪುರುಷೋತ್ತಮಣ್ಣನ ಮೂಗು ಅರಳಿತು. ಎರಡು ನಿಮಿಷ ಕುರ್ಚಿಯ ತುದಿಯಲ್ಲಿ ಕೂತಿದ್ದವರು ಮೂರನೆಯ ನಿಮಿಷಕ್ಕೆ ಕಾಣೆ. ಅಡಿಗೆಮನೆಯಿಂದ ಅವರ ದನಿ ಕೇಳಿಸಿತು: ತೆಂಗಿನ ಹಾಲು ಈಗಲೇ ಹಾಕಬಾರದು, ಒಡೆದುಹೋಗುತ್ತದೆ, ಸೌಟು ಇಲ್ಲಿ ಕೊಡಿ. ಅದರ ಹಿಂದೆಯೇ ಆಂಟಿಯ ಗುಡುಗು.

"ಅಡಿಗೆ ನಾನು ಮಾಡುತ್ತಿದ್ದೇನೆ. ನೀನು ಇಲ್ಲಿ ಯಾಕಿದ್ದೀಯ? ಹೋಗು, ಕೂತ್ಕೋ ಲಾ!"

ಅರವತ್ತಾರು ವರ್ಷದ ಮನುಷ್ಯ ಮಾಸ್ತರರಿಂದ ಬೈಸಿಕೊಂಡವರಂತೆ ಬಂದು ಕೂತರು. ಕೈಗೆ ಕೆಲಸವಿಲ್ಲದೆ ಟಿಶ್ಯೂ ಪೇಪರುಗಳನ್ನು ಮಡಚಿ ಮಡಚಿ ಗುಡ್ಡೆ ಹಾಕಿದರು. ನನಗೆ ತಡೆಯಲಾಗಲಿಲ್ಲ. "ಅಲ್ಲ ಪುರುಷೋತ್ತಮಣ್ಣ, ಒಂದು ಹತ್ತು ನಿಮಿಷ ಕೂತ್ರೆ ನಿಮಗೇನಾಗತ್ತೆ?" ಎಂದು ಕೇಳಿಯೇಬಿಟ್ಟೆ.

"ಎಂತದೋ ಆಗ್ತದೆ ಮಾರಾಯ್ರೆ. ಮುಂಬಯಿಯಲ್ಲಿ ಹನ್ನೆರಡು ಗಂಟೆ ನಿಂತೇ ಕೆಲಸ. ಕೂತದ್ದು ಕಂಡ್ರೆ ಸೇಟು ಚಪ್ಪಲಿ ಬಿಸಾಡ್ತಿದ್ದ. ಈಗ ಕೂತು ಉಣ್ಲಿಕ್ಕೆ ಹೊರಟ್ರೆ ಯಾರೋ ಬೈಲಿಕ್ಕೆ ಬಂದ ಹಾಗೆ ಆಗ್ತದೆ. ಬಡಿಸುವಾಗ ಮಾತ್ರ ನಾನು ಸಮ ಇರ್ತೇನೆ." ಅವರು ಇನ್ನೊಂದು ಟಿಶ್ಯೂ ಎಳೆದುಕೊಂಡರು. "ಆ ದಿನ ಕೇಟರಿಂಗ್‌ನವರನ್ನು ಕಂಡಾಗ, ನಾನು ಇನ್ನು ಯಾವುದಕ್ಕೂ ಬೇಡ ಅಂತ ಆಯ್ತು. ನಾಳೆ ಅವಳು ಊಟಕ್ಕೆ ಕರೆಯದಿದ್ರೆ ಎಂತ ಮಾಡ್ಲಿ ಬದರಿಯವ್ರೇ?"

ಬೆಳಗಿನಿಂದ ಇವರ ಮೇಲೆ ಕುದಿಯುತ್ತಿದ್ದ ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. "ಕರೀತಾಳೆ ಬಿಡಿ" ಎಂದೆ. ನನಗೇನು ಗೊತ್ತಿತ್ತು, ಸುಮ್ಮನೆ ಅಂದೆ.

ಲಕ್ಸಾ ಬಂತು. ಲಾಯಾಂಗ್ ನಿಯಮದಂತೆ ಅವರು ಬಟ್ಟಲು ಪೂರ್ತಿ ಮುಗಿಸಿದರು, ಕೂತೇ. ನನಗೂ ಒಂದು ಬಟ್ಟಲು ಇಟ್ಟಿದ್ದರು. ಡ್ರೈವರ್ ಮುಟ್ಟದಿದ್ದರೆ ಎಲ್ಲರಿಗೂ ಅಪಾಯ ಎಂದು ಲಾಯಾಂಗ್ ಹಟ ಹಿಡಿದಾಗ, ಸಿಗಡಿಯ ಕಣ್ಣು ತಪ್ಪಿಸಿ ಬಟ್ಟಲಿನ ಅಂಚನ್ನು ಕಿರುಬೆರಳಿನಿಂದ ಮುಟ್ಟಿದೆ. ನಮ್ಮಜ್ಜಿ ಇದ್ದಿದ್ದರೆ ಹುಣಸೆಹಣ್ಣು ಹಾಕಿ ಆ ಬೆರಳು ತಿಕ್ಕಿಸುತ್ತಿದ್ದರು.

ರಾತ್ರಿ ದಾರಿಯ ಆಲ್ಬರಿ ಎಂಬ ಊರಿನಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೆಲ್ಬರ್ನಿನ ಕ್ಲೇಟನ್ ತಲುಪಿದೆವು. ಅಲ್ಲಿ ಒಂದು ಮಲೇಷ್ಯನ್ ತಿಂಡಿ ಹೋಟೆಲು, ಬಾಗಿಲಾಚೆಗೂ ಕ್ಯೂ. ನಾನು ರೊಟಿ ಚನಾಯ್ ಕಂಡು ಧನ್ಯನಾದೆ. ನಮ್ಮ ಪರೋಟವೇ, ಜೊತೆಗೆ ಬೇಳೆಯ ಸಾರು. ಚಹಾವನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಎರಡು ಮೊಳ ಎತ್ತರದಿಂದ ಸುರಿದು ನೊರೆ ಎಬ್ಬಿಸುತ್ತಿದ್ದ ಮಾಲೀಕರು ಮಲೇಷ್ಯಾದ ಪಿನಾಂಗ್ ಕಡೆಯ ತಮಿಳರು. ತಮ್ಮ ದೇಶದವರು ಬಂದರೆಂದು ಉಬ್ಬಿ, ತೆಂಗಿನ ಹಾಲಿನ ಅನ್ನ, ಮೊಟ್ಟೆ, ಹುರಿದ ಒಣಮೀನು, ಖಾರದ ಚಟ್ನಿ, ಬಾಳೆಹಣ್ಣಿನ ಬಜ್ಜಿ, ಒಂದರ ಹಿಂದೊಂದು ತಂದಿಟ್ಟರು. ಪುರುಷೋತ್ತಮಣ್ಣನಿಗೆ ಈಗ ಬೇಡ ಅನ್ನುವ ಧೈರ್ಯವೇ ಇರಲಿಲ್ಲ. ಮುಟ್ಟಿದರೆ ಸಾಕು ಎಂದು ಲಾಯಾಂಗ್ ಹೇಳಿದರೂ, ಇಂಥ ದಿನ ಯಾಕೆ ರಿಸ್ಕು ಎಂದು ಎಲ್ಲವನ್ನೂ ತಿಂದರು. ಎದ್ದಾಗ ಬೆಲ್ಟು ಎರಡು ತೂತು ಸಡಿಲವಾಗಿತ್ತು.

ಕ್ರಾನ್‌ಬರ್ನ್ ತಲುಪಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಗ್ಯಾರೇಜಿನಲ್ಲಿ ಕೇಟರಿಂಗ್‌ನವರ ಪಾತ್ರೆಗಳ ಸದ್ದು. ಪುರುಷೋತ್ತಮಣ್ಣ ಮೂರು ಸಲ ಕೂದಲು ಬಾಚಿಕೊಂಡರು. ಬಾಚಲು ಅಲ್ಲಿ ಹೆಚ್ಚೇನೂ ಇರಲಿಲ್ಲ. ಬೆಲ್ ಒತ್ತಿದವರು ಲಾಯಾಂಗ್.

ಬಾಗಿಲು ತೆಗೆದದ್ದು ಭವ್ಯಶ್ರೀಯೇ. ಹಸಿರು ಸೀರೆ, ಮೊಣಕೈವರೆಗೆ ಬಳೆ, ತುಂಬಿದ ಹೊಟ್ಟೆ. ಅಪ್ಪನನ್ನು ನೋಡಿ ನಿಂತೇ ಇದ್ದಳು. ಅಪ್ಪ ಕಾಲೊರಸನ್ನು ನೋಡುತ್ತ ನಿಂತಿದ್ದರು. ಕೊನೆಗೆ ಅವಳೇ ಮೊದಲು ಮಾತಾಡಿದಳು.

"ವನಸ್ ಆಂಡಾ?"

ನನ್ನ ಎದೆ ಹಗುರಾಯಿತು. ಲಾಯಾಂಗ್ ಮುಖ ಬೆಳಗಿತು. ಅವರಿಗೆ ಬರುತ್ತಿದ್ದ ಒಂದೇ ತುಳು ವಾಕ್ಯ ಅದು. ಕರೆದಳು! ಈಗ ಇವರು ಇಲ್ಲ ಎಂದರೆ ಸಾಕು.

"ಆಂಡ್" ಎಂದರು ಪುರುಷೋತ್ತಮಣ್ಣ. ಆಯಿತು ಎಂದು. ಅಷ್ಟಕ್ಕೇ ಬಿಡದೆ ಕನ್ನಡದಲ್ಲೂ ಸೇರಿಸಿದರು: "ಬೇಡ ಬೇಡ, ಹೊಟ್ಟೆ ತುಂಬ ಉಂಟು."

ಅಭ್ಯಾಸ! ಒಂಬೈನೂರು ಕಿಲೋಮೀಟರ್ ಬಂದದ್ದು ಇದಕ್ಕೆ! ನನಗೆ ಅಲ್ಲೇ ತಲೆ ಚಚ್ಚಿಕೊಳ್ಳಬೇಕೆನಿಸಿತು. ಲಾಯಾಂಗ್ ಕೈಯಲ್ಲಿದ್ದ ಹಣ್ಣಿನ ಬುಟ್ಟಿ ಕೆಳಗೆ ಬಿತ್ತು. ಭವ್ಯಶ್ರೀಯ ಕಣ್ಣು ತುಂಬಿಕೊಂಡಿತು. "ಸರಿ" ಎಂದು ಒಳಗೆ ಹೋದಳು. ಹಿಂದೆ ನಿಂತಿದ್ದ ಕುಸುಮಕ್ಕ, "ನಿಮಗೆ ಮಂಡೆ ಸಮ ಉಂಟಾ?" ಎಂದು ಹಣೆ ಹಣೆ ಬಡಿದುಕೊಂಡರು.

ಆಮೇಲೆ ಒಂದು ಗಂಟೆ ಪುರುಷೋತ್ತಮಣ್ಣ ಹಜಾರದ ಮೂಲೆಯಲ್ಲಿ ನಿಂತೇ ಇದ್ದರು. ಹೆಂಗಸರು ಭವ್ಯಶ್ರೀಗೆ ಆರತಿ ಎತ್ತಿದರು, ಮುಡಿಗೆ ಹೂ ಮುಡಿಸಿದರು. ಇವರು ಹತ್ತಿರ ಹೋಗಲಿಲ್ಲ, ದೂರವೂ ಹೋಗಲಿಲ್ಲ. ಮುಖ ನೋಡಲಾಗುತ್ತಿರಲಿಲ್ಲ ನನಗೆ. ಊಟಕ್ಕೆ ಉದ್ದನೆಯ ಮೇಜಿಗೆ ಎಲೆ ಹಾಕಿ, ಅವಳನ್ನು ಮೊದಲ ಎಲೆಗೆ ಕೂರಿಸಿ ಬಡಿಸಿದರು. ಆಗ ಲಾಯಾಂಗ್ ಇವರ ಬೆನ್ನಿಗೆ ಕೈ ಹಾಕಿ ಮುಂದಕ್ಕೆ ನೂಕಿದರು. "ಕೇಳಿದ್ದಾಳೆ ತಾನೇ? ಅದು ಕೊಟ್ಟ ಹಾಗೆಯೇ ಲಾ. ಹೋಗು, ಮುಟ್ಟು."

ಪುರುಷೋತ್ತಮಣ್ಣ ಹೋದರು. ಮಗಳ ಪಕ್ಕ ನಿಂತು, ಅವಳ ಎಲೆಯ ತುದಿಯಲ್ಲಿದ್ದ ಕಡ್ಲೆಬೇಳೆ ಪಾಯಸದ ಕಡೆಗೆ ತೋರುಬೆರಳು ಚಾಚಿದರು. ಭವ್ಯಶ್ರೀ ಅದನ್ನು ಅರ್ಧದಲ್ಲೇ ಹಿಡಿದಳು.

"ಎಂತ ಅಪ್ಪ ಇದು?"

ಅವರು ಲಾಯಾಂಗ್ ಕಡೆ ನೋಡಿದರು. ಲಾಯಾಂಗ್ ವಿವರಿಸಿದರು. ಹೊರಡುವವನು, ತಿನ್ನಲು ಆಗದೆ ಇದ್ದರೆ, ಹೀಗೆ ಮುಟ್ಟಿ ಹೋಗಬೇಕು. ಮುಟ್ಟಿ ಹೋದರೆ ದಾರಿಯಲ್ಲಿ ಏನೂ ಆಗುವುದಿಲ್ಲ.

"ಹಾಗಾದ್ರೆ ಮುಟ್ಟುವುದು ಬೇಡ" ಎಂದಳು ಭವ್ಯಶ್ರೀ, ಬೆರಳು ಬಿಡದೆ. "ಮುಟ್ಟಿದ್ರೆ ಇವರು ಪುನಃ ಹೊರಟು ಹೋಗ್ತಾರೆ."

ಅವಳು ಅಪ್ಪನ ಕಡೆ ತಿರುಗಿ ಕೂತಳು.

"ಅಪ್ಪ, ನಾನು ಸಣ್ಣವಳಿರುವಾಗ ನೀವು ರಜೆಗೆ ಬಂದ್ರೂ ಒಲೆ ಹತ್ರವೇ. ಇಲ್ಲಿಗೆ ಬಂದ ಮೇಲೂ ಆಸ್ಪತ್ರೆಯಿಂದ ಬಂದು ನಮಗೆ ಬಡಿಸಿದ್ದೇ ಬಡಿಸಿದ್ದು. ನನ್ನ ಮದುವೆಯಲ್ಲೂ ನಿಮ್ಮ ಎಲೆ ಖಾಲಿ ಇತ್ತು. ಒಂದು ದಿನ ನಿಮ್ಮ ಪಕ್ಕ ಕೂತು ಉಂಡದ್ದು ನಂಗೆ ನೆನಪೇ ಇಲ್ಲ. ಅದಕ್ಕೇ ಆ ದಿನ ಕೇಟರಿಂಗ್ ಹೇಳಿದ್ದು. ನಿಮ್ಮ ಅಡಿಗೆ ಬೇಡ ಅಂತ ಅಲ್ಲ. ನೀವು ನನ್ನ ಪಕ್ಕ ಕೂತ್ಕೊಳ್ಬೇಕಿತ್ತು, ಅಷ್ಟೆ."

ಪುರುಷೋತ್ತಮಣ್ಣ ಕೊನೆಗೆ ತೀರಾ ಸಣ್ಣ ದನಿಯಲ್ಲಿ, "ಆದ್ರೆ ಹೊಟ್ಟೆ ನಿಜವಾಗ್ಲೂ ತುಂಬಿ ಉಂಟು ಮಗಾ" ಎಂದರು. ಜೀವಮಾನವೆಲ್ಲ ಹೇಳಿದ ಸುಳ್ಳು ಆವತ್ತೊಂದು ದಿನ ನಿಜವಾಗಿತ್ತು. ಬೇಕಾದರೆ ಸಾಕ್ಷಿ ಹೇಳಲು ನಾನೂ ಇದ್ದೆ, ಬೆಲ್ಟಿನ ತೂತುಗಳೂ ಇದ್ದವು.

ಭವ್ಯಶ್ರೀಗೆ ಅಳುವಿನ ನಡುವೆಯೇ ನಗು ಬಂತು. "ಉಣ್ಣುವುದು ಬೇಡ. ನಾನು ಉಣ್ತೇನೆ. ನೀವು ಇಲ್ಲಿ ಕೂತಿರಿ." ಧನರಾಜ್ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ.

ಪುರುಷೋತ್ತಮಣ್ಣ ಕೂತರು. ತುದಿಯಲ್ಲಲ್ಲ, ಕುರ್ಚಿ ತುಂಬ. ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡರು. ಮಗಳು ಉಣ್ಣತೊಡಗಿದಳು, ಅವರು ಒಂದೊಂದು ತುತ್ತನ್ನೂ ನೋಡುತ್ತ ಕೂತರು. ಕಣ್ಣಿನ ನೀರು ಗಲ್ಲದವರೆಗೆ ಇಳಿದದ್ದು ಅವರಿಗೆ ಗೊತ್ತಾದಂತಿರಲಿಲ್ಲ. ಕುಸುಮಕ್ಕ ಸೆರಗಿನಿಂದ ಒರೆಸಿದರು.

ಅಷ್ಟರಲ್ಲಿ ಗ್ಯಾರೇಜಿನ ಬಾಗಿಲಿನಿಂದ ಕೇಟರಿಂಗ್‌ನವರೊಬ್ಬರು ತಲೆ ಹಾಕಿ, "ಎರಡನೇ ಪಂಕ್ತಿ ಸಾರಿಗೆ ಉಪ್ಪು ಸರಿ ಇದೆಯಾ, ಯಾರಾದ್ರೂ ಸ್ವಲ್ಪ ನೋಡ್ತೀರಾ?" ಎಂದು ಕೂಗಿದರು. ಎಲ್ಲರೂ ಪುರುಷೋತ್ತಮಣ್ಣನ ಕಡೆ ತಿರುಗಿದರು. ಅವರು ಏಳಲಿಲ್ಲ.